ಮೂಗುಭಟ್ಟರ ಹಲ್ಲು

ನನ್ನ ಹೆಸರು ವೆಂಕಟಸುಬ್ಬಯ್ಯ. ಈ ಹೆಸರು ಹೇಳಿ ಶೃಂಗೇರಿಯಲ್ಲಿ ನನ್ನ ಮನೆ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮೂಗುಭಟ್ಟರ ಮನೆ ಎಂದು ಕೇಳಬೇಕು. ಆಗ ಬಸ್ ಸ್ಟ್ಯಾಂಡಿನ ಆಟೋದವರು ಬಾಗಿಲ ತನಕ ತಂದು ಬಿಡುತ್ತಾರೆ. ನನ್ನ ಮೂಗು ನೋಡಲಿಕ್ಕೆ ಅಂಥ ದೊಡ್ಡದೇನಲ್ಲ. ಹೆಸರು ಬಂದದ್ದು ಅದು ಮಾಡುವ ಕೆಲಸದಿಂದ. ಹೆಸರು ಬಂದ ಮೇಲೆ ದೊಡ್ಡದಾದದ್ದು ನನ್ನ ತಲೆ.

ನಾನು ಅಡಿಗೆಯವನು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಈ ಮೂರು ಕಡೆ ಮುಂಜಿ, ಮದುವೆ, ಗೃಹಪ್ರವೇಶ ಇಟ್ಟುಕೊಂಡವರು ಮೊದಲು ನನಗೆ ಯಾವ ದಿನ ಬಿಡುವಿದೆ ಎಂದು ಕೇಳಿ, ಆಮೇಲೆ ಪುರೋಹಿತರ ಹತ್ತಿರ ಮುಹೂರ್ತ ಕೇಳುತ್ತಾರೆ. ಹಾಗೆಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ನಮ್ಮ ಅಡಿಗೆಯಲ್ಲಿ ದೇವರಿಗೆ ನೈವೇದ್ಯ ಆಗುವ ಮೊದಲು ರುಚಿ ನೋಡುವಂತಿಲ್ಲ. ಸೌಟಿನಿಂದ ಒಂದು ಹನಿ ನಾಲಿಗೆಗೆ ಬಿದ್ದರೂ ಇಡೀ ಕೊಪ್ಪರಿಗೆ ಎಂಜಲಾಯಿತು. ಹಾಗಾಗಿ ಎಲ್ಲ ಅಡಿಗೆಯವರೂ ವಾಸನೆ ನೋಡಿಯೇ ಅಡಿಗೆ ಮಾಡುತ್ತಾರೆ. ಅವರು ಸುಮ್ಮನೆ ಮಾಡುತ್ತಾರೆ, ನಾನು ಅದನ್ನೊಂದು ಪ್ರದರ್ಶನ ಮಾಡಿಕೊಂಡಿದ್ದೆ. ಕೊಪ್ಪರಿಗೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಹಬೆಯನ್ನು ಅಂಗೈಯಿಂದ ಮೂಗಿನ ಕಡೆ ಎಳೆದುಕೊಂಡು, ನೋಡುವವರಿಗೆ ಉಸಿರು ಕಟ್ಟುವಷ್ಟು ಹೊತ್ತು ಸುಮ್ಮನಿದ್ದು, "ಅರ್ಧ ಹಿಡಿ ಉಪ್ಪು" ಎನ್ನುತ್ತಿದ್ದೆ. ಉಪ್ಪಿಗೆ ವಾಸನೆ ಎಲ್ಲಿದೆ ಎಂದು ಮೂವತ್ತು ವರ್ಷದಲ್ಲಿ ಒಬ್ಬನೂ ಕೇಳಲಿಲ್ಲ. ನಿಜವಾಗಿ ಉಪ್ಪಿನ ಹದ ಗೊತ್ತಿರುವುದು ನನ್ನ ಕೈಗೆ. ಕೆಲಸ ಕೈ ಮಾಡುತ್ತಿತ್ತು, ಕೀರ್ತಿ ಮೂಗಿಗೆ ಹೋಗುತ್ತಿತ್ತು.

ಆ ಮೂಗನ್ನು ನಂಬಿ ನಾನು ನೆಮ್ಮಾರಿನ ಅನ್ನಪೂರ್ಣಮ್ಮನ ಹೆಸರು ಕೆಡಿಸಿದೆ. ಅದನ್ನು ಸರಿ ಮಾಡಬೇಕಾದರೆ ನನ್ನ ಹೆಸರು ನಾನೇ ಕೆಡಿಸಿಕೊಳ್ಳಬೇಕಾಗಿತ್ತು. ಇದು ಆ ಕಥೆ.

ಶುರುವಾದದ್ದು ಹಲ್ಲಿನಿಂದ. ಹೋದ ವರ್ಷದ ಹಿಂದಿನ ದೀಪಾವಳಿಯ ಹೊತ್ತಿಗೆ ಬಲಗಡೆಯ ಮೇಲಿನ ದವಡೆ ಹಲ್ಲು ನೋಯತೊಡಗಿತು. ಹತ್ತು ದಿನ ತಲೆ ಗೋಡೆಗೆ ಚಚ್ಚಿಕೊಳ್ಳುವ ಹಾಗಾಯಿತು. ಹೆಂಡತಿ ಭಾರ್ಗವಿ ಕೊಪ್ಪದಲ್ಲಿ ಹಲ್ಲಿನ ಡಾಕ್ಟರಿದ್ದಾರೆ, ಹೋಗಿ ಬನ್ನಿ ಎಂದಳು. ಊರಿಗೆಲ್ಲ ಲವಂಗ ಹಾಕುವವನು ನಾನು, ನನಗೆ ಡಾಕ್ಟರೇ ಎಂದೆ. ದಿನಕ್ಕೆ ನಾಲ್ಕು ಲವಂಗ ಅರೆದು ಹಲ್ಲಿಗೆ ತುಂಬಿದೆ. ಹನ್ನೊಂದನೇ ದಿನ ನೋವು ಸ್ವಿಚ್ ಆರಿಸಿದ ಹಾಗೆ ನಿಂತುಹೋಯಿತು. ನಾನು ಸುಮ್ಮನಿರಬೇಕಲ್ಲ? ಆಮೇಲೆ ನಾಲ್ಕು ತಿಂಗಳು ಊಟದ ಹಂತಿಯಲ್ಲಿ ಸಾಲಾಗಿ ಕೂತವರಿಗೆಲ್ಲ ಲವಂಗದ ಮಹಿಮೆ ಹೇಳಿದೆ. ಮೂರು ಜನರಿಗೆ ಡಾಕ್ಟರ ಹತ್ತಿರ ಹೋಗುವುದು ತಪ್ಪಿಸಿದೆ. ಅವರ ಹಲ್ಲುಗಳ ಗತಿ ಏನಾಯಿತೋ ವಿಚಾರಿಸುವ ಧೈರ್ಯ ಇನ್ನೂ ಬಂದಿಲ್ಲ.

ಅದಾದ ಮೇಲೆ ಲೋಕದಲ್ಲಿ ಸಾಮಾನುಗಳ ಗುಣಮಟ್ಟ ಒಂದೇ ಸಮನೆ ಇಳಿಯಿತು. ಬೇಳೆ ಚೀಲ ಬಿಚ್ಚಿ ಬಗ್ಗಿ ಮೂಸಿದರೆ ಏನೋ ಸತ್ತ ವಾಸನೆ. ಬೆಲ್ಲಕ್ಕೂ ಅದೇ, ಕೊಬ್ಬರಿಗೂ ಅದೇ. ಬಾಳೆಹೊನ್ನೂರಿನ ಒಬ್ಬ ದಿನಸಿ ವ್ಯಾಪಾರಿಯ ಹತ್ತಿರ ಇನ್ನು ವ್ಯವಹಾರವೇ ಬೇಡವೆಂದು ಫೋನಿನಲ್ಲೇ ಹೇಳಿದೆ. ಆಗ ನನಗೆ ಒಂದು ಸಲವಾದರೂ ಅನುಮಾನ ಬರಬೇಕಿತ್ತು. ಊರಿನ ಸಾಮಾನೆಲ್ಲ ಒಟ್ಟಿಗೆ ಕೆಡುವುದುಂಟೇ? ಆದರೆ ಲೋಕ ಕೆಟ್ಟಿದೆ ಎಂದು ನಂಬುವುದು ನನ್ನ ವಯಸ್ಸಿನವರಿಗೆ ಬಹಳ ಹಿತವಾದ ನಂಬಿಕೆ. ನಾನು ಅದನ್ನು ಬಿಡಲಿಲ್ಲ.

ಆ ಮೇ ತಿಂಗಳಲ್ಲಿ ಕೊಪ್ಪದಲ್ಲಿ ಒಂದು ಮುಂಜಿ. ತುಪ್ಪ ಯಾವಾಗಲೂ ಅನ್ನಪೂರ್ಣಮ್ಮನದೇ. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಗಂಡ ಇಲ್ಲ, ಐದು ಹಸು. ಬೆಣ್ಣೆ ಕಾಯಿಸುವಾಗ ಒಂದು ಚೂರು ವೀಳ್ಯದೆಲೆ ಹಾಕುತ್ತಾರೆ, ಎಲೆ ಗರಿಗರಿಯಾದಾಗ ಇಳಿಸುತ್ತಾರೆ. ಇಪ್ಪತ್ತೆರಡು ವರ್ಷದಿಂದ ನನ್ನ ಅಡಿಗೆಯಲ್ಲಿ ಎಲೆಯ ಮೇಲೆ ಬಿದ್ದ ಮೊದಲ ಚಮಚ ತುಪ್ಪ ಅವರದು. ಆ ಮನೆಯವರು ಅವರನ್ನು ಊಟಕ್ಕೂ ಕರೆದಿದ್ದರಿಂದ ಅವತ್ತು ತುಪ್ಪದ ಡಬ್ಬಿಯನ್ನು ಅವರೇ ಆಟೋದಲ್ಲಿ ತಂದಿದ್ದರು. ಅಡಿಗೆ ಚಪ್ಪರದ ನೆಲದ ಮೇಲಿಟ್ಟು ಮುಚ್ಚಳ ತೆಗೆದರು. ನಾನು ಬಗ್ಗಿ ಮೂಸಿದೆ. ಗೋಡೆ ಸಂದಿಯಲ್ಲಿ ಹೆಗ್ಗಣ ಸತ್ತು ನಾಲ್ಕು ದಿನ ಆದ ವಾಸನೆ ಬಂತು.

ಬದಿಗೆ ಕರೆದು ಹೇಳಬಹುದಿತ್ತು. ಆದರೆ ಕಾಯಿ ತುರಿಯುವ ಹೆಂಗಸರು, ಎಲೆ ಒರೆಸುವವರು, ಕಾಫಿಗೆಂದು ಬಂದು ನಿಂತ ನೆಂಟರು, ಎಲ್ಲ ಸೇರಿ ನಲವತ್ತು ಜನ ನನ್ನ ಮೂಗನ್ನೇ ನೋಡುತ್ತಿದ್ದರು. ಅಷ್ಟು ಜನ ನೋಡುತ್ತಿರುವಾಗ ಮೆಲ್ಲಗೆ ಮಾತಾಡುವುದು ನನಗೆ ಅಭ್ಯಾಸವಿಲ್ಲ.

"ಇದನ್ನ ದೇವರ ಮುಂದೆ ಇಡೋದಲ್ಲ" ಎಂದೆ.

ಅನ್ನಪೂರ್ಣಮ್ಮ ನನ್ನ ಮುಖ ನೋಡಿದರು. ಆಮೇಲೆ ತಾವೂ ಬಗ್ಗಿ ಮೂಸಿದರು. ಇನ್ನೊಂದು ಸಲ ಮೂಸಿದರು. ಏನೂ ಹೇಳದೆ ಮುಚ್ಚಳ ಹಾಕಿ, ಡಬ್ಬಿ ಎತ್ತಿಕೊಂಡು, ಬಂದ ಆಟೋದಲ್ಲೇ ಹೋದರು. ಉಣ್ಣದೆ ಹೋದರು. ಮನೆಯವರು ಹಿಂದೆ ಓಡಿದರೂ ನಿಲ್ಲಲಿಲ್ಲ. ನಾನು ಅಂಗಡಿಯಿಂದ ತುಪ್ಪ ತರಿಸಿ, ಅದನ್ನು ನಿಂತುಕೊಂಡೇ ಕೈಯಲ್ಲಿ ಹಿಡಿದು ಮೂಸಿ, ಪರವಾಗಿಲ್ಲ ಎಂದೆ.

ಅಲ್ಲಿಂದ ಮುಂದೆ ಅವರ ತುಪ್ಪವನ್ನು ಯಾವ ಶುಭಕಾರ್ಯಕ್ಕೂ ಯಾರೂ ತರಿಸಲಿಲ್ಲ. ಮೂಗುಭಟ್ಟರು ಬೇಡ ಅಂದದ್ದು ಎಂದರೆ ಮುಗಿಯಿತು. ಆ ಮಾತು ಕಿವಿಗೆ ಬಿದ್ದಾಗ ನನಗೆ ದುಃಖವಾಗಬೇಕಿತ್ತು. ಒಳಗೊಳಗೇ ಖುಷಿಯಾಯಿತು. ನನ್ನ ಮಾತಿಗೆ ಎಷ್ಟು ತೂಕ ನೋಡಿ ಎಂದುಕೊಂಡೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿದೆ.

ಜನವರಿಯಲ್ಲಿ ಒಂದು ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ಬಲಗೆನ್ನೆ ಹಲಸಿನಕಾಯಿಯ ಹಾಗೆ ಊದಿತ್ತು. ಬಲಗಣ್ಣು ಅರ್ಧ ಮುಚ್ಚಿತ್ತು. ರಘುಪತಿಯನ್ನು ಕರೆಸಿದೆ. ಅವನು ಹದಿನೈದು ವರ್ಷದಿಂದ ನನ್ನ ಜೊತೆ ಅಡಿಗೆಗೆ ಬರುವವನು, ನಲವತ್ತು ದಾಟಿದೆ, ಕಡಿಮೆ ಮಾತು. ಅವನ ಬೈಕಿನ ಹಿಂದೆ ಮಫ್ಲರ್ ಸುತ್ತಿಕೊಂಡು ಕೂತು ಕೊಪ್ಪಕ್ಕೆ ಹೋದೆ. ಮಫ್ಲರ್ ಸುತ್ತಿದ್ದು ಚಳಿಗಲ್ಲ. ಊದಿದ ಮುಖ ದಾರಿಯ ಹರಿಹರಪುರದಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ ನನ್ನ ಲವಂಗದ ಮರ್ಯಾದೆ ಹೋಗುತ್ತಿತ್ತು.

ಡಾಕ್ಟರ್ ಅರ್ಪಣಾ ಎಂದರೆ ಮೂವತ್ತರ ಒಳಗಿನ ಹುಡುಗಿ. ಎಕ್ಸ್‌ರೇ ತೆಗೆದು ಕಂಪ್ಯೂಟರಿನಲ್ಲಿ ನೋಡಿದರು. ನಾನು ಬಾಯಿ ತೆರೆದಾಗ ಅವರು ಹಾಕಿಕೊಂಡಿದ್ದ ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕ್ ಹಾಕಿಕೊಂಡರು. ಅದು ಅವರ ಪದ್ಧತಿಯಿರಬೇಕು ಎಂದುಕೊಂಡೆ.

"ಈ ಹಲ್ಲು ಸತ್ತು ವರ್ಷದ ಮೇಲಾಗಿದೆ ಭಟ್ರೇ" ಎಂದರು. "ಮೊದಲು ಜೋರು ನೋವಿದ್ದು ಆಮೇಲೆ ತನ್ನಷ್ಟಕ್ಕೇ ನಿಂತಿತ್ತಾ?"

"ನಿಂತದ್ದಲ್ಲ, ಲವಂಗ ಹಾಕಿ ನಿಲ್ಲಿಸಿದ್ದು" ಎಂದೆ.

"ನಿಂತದ್ದು ಗುಣ ಆಗಿ ಅಲ್ಲ, ಒಳಗಿನ ನರ ಸತ್ತು. ಸತ್ತದ್ದು ನೋಯೋದಿಲ್ಲ, ಕೊಳೀತದೆ. ಬೇರಿನ ಒಳಗೆ ನಾಳ ಇರ್ತದೆ, ಅದರ ತುಂಬ ಈಗ ಬ್ಯಾಕ್ಟೀರಿಯಾ." ಆಮೇಲೆ ಪೆನ್ನಿನ ತುದಿಯಿಂದ ಎಕ್ಸ್‌ರೇಯಲ್ಲಿ ಕಪ್ಪು ಗೂಡಿನಂಥದ್ದೊಂದನ್ನು ತೋರಿಸಿದರು. "ಇದು ಮೂಗಿನ ಪಕ್ಕದ ಮೂಳೆಯ ಗೂಡು. ನಿಮ್ಮ ಹಲ್ಲಿನ ಬೇರು ಅದರ ತಳಕ್ಕೇ ತಾಗಿದೆ. ಕೀವು ಅಲ್ಲಿಗೂ ಹೋಗಿದೆ. ನಿಮಗೆ ಕೆಟ್ಟ ವಾಸನೆ ಏನಾದ್ರೂ ಬರ್ತದಾ? ಬಲಗಡೆ ಮೂಗಲ್ಲಿ?"

ನಾನು ಮೂಗಿನ ಬಲಗಡೆ ಮುಟ್ಟಿ ನೋಡಿಕೊಂಡೆ.

"ಯಾವಾಗ್ಲೂ ಅಲ್ಲ. ಬಗ್ಗಿದಾಗ ಜಾಸ್ತಿ. ಬಗ್ಗಿದಾಗ ಅದು ಮೂಗಿನೊಳಗೆ ಇಳೀತದೆ. ಇದೆಯಾ ಹಾಗೆ?"

ಬಗ್ಗಿದಾಗ! ಕಣ್ಣ ಮುಂದೆ ಬೇಳೆ ಚೀಲ, ಬೆಲ್ಲದ ಪಿಂಡಿ, ಕೊಬ್ಬರಿ ಬುಟ್ಟಿ ಎಲ್ಲ ಸಾಲಾಗಿ ಬಂದವು. ಕೊನೆಗೆ ಕೊಪ್ಪದ ಚಪ್ಪರದ ನೆಲದ ಮೇಲಿದ್ದ ತುಪ್ಪದ ಡಬ್ಬಿ ಬಂತು. ಅದರ ಹಿಂದೆ ನಿಂತ ಮುಖವನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡೆ. ನೋವಾಯ್ತಾ ಎಂದು ಡಾಕ್ಟರು ಕೇಳಿದರು. ಹೌದು ಎಂದೆ.

ಅವತ್ತು ಹಲ್ಲು ತೆರೆದು ಕೀವು ಇಳಿಸಿ ಮಾತ್ರೆ ಬರೆದುಕೊಟ್ಟರು. ಐದು ದಿನ ಬಿಟ್ಟು ನಿಜವಾದ ಕೆಲಸ. ನನ್ನ ಬಾಯಿಯ ಮೇಲೆ ಒಂದು ನೀಲಿ ರಬ್ಬರ್ ಹಾಳೆ ಬಿಗಿದರು. ಅದರ ತೂತಿನಿಂದ ಆ ಒಂದು ಹಲ್ಲು ಮಾತ್ರ ಹೊರಗೆ. ಇದು ಯಾಕೆ ಎಂದು ಕೈಸನ್ನೆಯಲ್ಲಿ ಕೇಳಿದೆ.

"ಎಂಜಲು ತಾಗಬಾರದು" ಎಂದರು ಅವರು. "ಜೊಲ್ಲಿನ ಒಂದು ಹನಿ ಒಳಗೆ ಹೋದ್ರೂ ತೊಳೆದದ್ದೆಲ್ಲ ವ್ಯರ್ಥ."

ಮೂವತ್ತು ವರ್ಷ ಎಂಜಲಿನ ವಿಷಯದಲ್ಲಿ ಊರವರಿಗೆಲ್ಲ ಪಾಠ ಹೇಳಿದವನು ನಾನು. ನನ್ನ ಬಾಯೊಳಗೇ ಒಂದು ಹಲ್ಲನ್ನು ನನ್ನಿಂದ ಮಡಿಯಲ್ಲಿಟ್ಟಿದ್ದರು. ಅದಕ್ಕೊಂದು ಉತ್ತರ ಕೊಡಬೇಕೆನಿಸಿತು, ಆದರೆ ರಬ್ಬರಿನ ಹಿಂದಿನಿಂದ ಕರು ಕೂಗಿದ ಹಾಗೆ ಒಂದು ಶಬ್ದ ಬಂತು, ಅಷ್ಟೇ. ಒಂದು ಗಂಟೆ ಹೊತ್ತು ನಾನು ಮಾತಾಡದೆ ಇದ್ದದ್ದು ಹುಟ್ಟಿದ ಮೇಲೆ ಅದೇ ಮೊದಲಿರಬೇಕು.

ಕೂದಲಿನಷ್ಟು ಸಪೂರ ಸೂಜಿಗಳನ್ನು ಒಂದೊಂದಾಗಿ ಇಳಿಸಿ ಬೇರಿನ ಒಳಗೋಡೆ ಕೆರೆದರು. ಕೆರೆದು ಔಷಧಿ ಬಿಟ್ಟು ತೊಳೆದರು. ಮತ್ತೆ ಕೆರೆದರು, ಮತ್ತೆ ತೊಳೆದರು. ಔಷಧಿಗೆ ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರಿನ ವಾಸನೆ. ಅದನ್ನೇ ಸುರಿದು ಬಿಟ್ಟರೆ ಸಾಲದೇ ಎಂದು ಆಮೇಲೆ ಕೇಳಿದೆ.

"ಕೊಪ್ಪರಿಗೆ ತಳ ಹಿಡಿದ್ರೆ ನೀವು ಬರೀ ನೀರು ಹಾಕಿ ತೆಗೀತೀರಾ? ಮೊದಲು ತಿಕ್ಕಬೇಕಲ್ಲ."

ಸರಿಯೇ. ನಾಳಗಳಿಗೆ ಬಿಳಿ ಮುಲಾಮು ತುಂಬಿ, ಮೇಲೆ ತಾತ್ಕಾಲಿಕವಾಗಿ ಮುಚ್ಚಿ, ರಬ್ಬರ್ ಹಾಳೆ ತೆಗೆದರು. ಮುಲಾಮು ಏನು ಎಂದರೆ ಸುಣ್ಣದ ಜಾತಿಯದ್ದೇ ಎಂದರು. ಮುಚ್ಚಿದ್ದರಲ್ಲಿ ಲವಂಗದ ವಾಸನೆ ಬಂತು. ನಾನು ಎದ್ದು ಕೂತೆ. "ನೋಡಿ, ನೋಡಿ! ಲವಂಗ!" ಎಂದೆ.

"ಲವಂಗ ನೋವಿಗೆ, ಭಟ್ರೇ. ಕೊಳೆತದ್ದಕ್ಕಲ್ಲ."

ಮತ್ತೆ ಮಲಗಿದೆ. "ಹೋಗ್ಲಿ, ಹುಳ ಎಲ್ಲ ಸತ್ತವಾ?"

"ಎಲ್ಲ ಸಾಯೋದಿಲ್ಲ. ಎಷ್ಟು ತೊಳೆದ್ರೂ ಸಂದಿಯಲ್ಲಿ ಒಂದಷ್ಟು ಉಳೀತವೆ. ನಾವು ಕಡಿಮೆ ಮಾಡೋದು. ಆಮೇಲೆ ಉಳಿದವಕ್ಕೆ ಊಟ ಸಿಗದ ಹಾಗೆ ಭದ್ರವಾಗಿ ಮುಚ್ಚೋದು."

ಇಷ್ಟು ಕಷ್ಟಪಟ್ಟು ಬರೀ ಕಡಿಮೆ ಮಾಡುವುದೇ ಎಂದು ನನಗೆ ಸಿಟ್ಟು ಬಂತು. ನಾನು ಎಂದೂ ಯಾವುದನ್ನೂ ಕಡಿಮೆ ಮಾಡಿದವನಲ್ಲ.

ವಾಪಸ್ ಬರುವಾಗ ದಾರಿಯಲ್ಲಿ ಬೈಕ್ ನಿಲ್ಲಿಸಿ ರಘುಪತಿಗೆ ಎಲ್ಲ ಹೇಳಿದೆ. ಅವನು ಆಶ್ಚರ್ಯಪಡಲಿಲ್ಲ. ಅದೇ ನನಗೆ ಆಶ್ಚರ್ಯ.

"ವಾಸನೆ ಸಾಮಾನಿಂದಲ್ಲ ಅಂತ ನಮಗೆ ಗೊತ್ತಿತ್ತು ಭಟ್ರೇ" ಎಂದ.

"ನಮಗೆ ಅಂದ್ರೆ?"

"ಎಲ್ರಿಗೂ. ನೀವು ಮಾತಾಡಿದ್ರೆ ಎರಡು ಮಾರು ದೂರ ನಿಲ್ಬೇಕಾಗ್ತಿತ್ತು ಮಾರಾಯ್ರೆ."

ನಾನು ಬಾಯಿ ತೆರೆದರೆ ಜನ ಹಿಂದೆ ಸರಿಯುತ್ತಿದ್ದದ್ದು ಹೌದು. ಭಕ್ತಿಯಿಂದ ಎಂದುಕೊಂಡಿದ್ದೆ. ಒಂದು ವರ್ಷ ಇಡೀ ಊರು ನನ್ನೆದುರು ಕೈಕಟ್ಟಿ ದೂರ ನಿಂತದ್ದನ್ನು ಕಂಡು ನಾನು ಎದೆ ಉಬ್ಬಿಸಿ ಇನ್ನೂ ಜೋರಾಗಿ ಮಾತಾಡಿದ್ದೆ.

"ಹೇಳೋದಲ್ವನಾ ಮಾರಾಯ?"

"ನಿಮ್ಮ ಮೂಗಿಗೆ ಗೊತ್ತಾಗದ್ದು ನಾವು ಹೇಳಿದ್ರೆ ನಂಬ್ತಿದ್ರಾ?"

ಅವನು ಇನ್ನೂ ಹೇಳಿದ. ನಾನು ಬೇಡವೆಂದ ಬೇಳೆಯನ್ನು ಅವನು ಹಿತ್ತಲಿಗೆ ಒಯ್ದು ಬೇರೆ ಚೀಲಕ್ಕೆ ಸುರಿದು ತಂದು, ನಿಂತಿದ್ದ ನನ್ನ ಮೂಗಿನೆದುರು ಎತ್ತಿ ಹಿಡಿಯುತ್ತಿದ್ದನಂತೆ. "ಹಾಂ, ಇದು ಬೇಳೆ ಅಂದ್ರೆ" ಎಂದು ನಾನು ಹೇಳುತ್ತಿದ್ದೆನಂತೆ. ಬೆಲ್ಲವೂ ಹಾಗೇ, ಕೊಬ್ಬರಿಯೂ ಹಾಗೇ. ನನ್ನಿಂದಾಗಿ ಯಾವ ವ್ಯಾಪಾರಿಗೂ ನಷ್ಟವಾಗದ ಹಾಗೆ ಅವನು ನೋಡಿಕೊಂಡಿದ್ದ. ಬಾಳೆಹೊನ್ನೂರಿನವನ ಬೇಳೆ ಇಂದಿಗೂ ನನ್ನ ಅಡಿಗೆಗೆ ಬರುತ್ತಿದೆ.

"ಮತ್ತೆ ಆ ತುಪ್ಪ?" ಎಂದೆ.

ರಘುಪತಿ ಬೈಕಿನ ಹ್ಯಾಂಡಲ್ ನೋಡುತ್ತ ನಿಂತ. "ಡಬ್ಬಿ ಹಿತ್ತಲಿಗೆ ಒಯ್ಯೋಣ ಅಂದ್ರೆ ಅನ್ನಪೂರ್ಣಮ್ಮ ಅಲ್ಲೇ ಇದ್ರಲ್ಲ. ಅವರೇ ಎತ್ಕೊಂಡು ಹೋದ್ರು."

ಎರಡು ವಾರ ಕಳೆದು ಮತ್ತೆ ಡಾಕ್ಟರ ಹತ್ತಿರ ಹೋದೆ. ಊತ ಇಳಿದಿತ್ತು, ವಾಸನೆ ಮಾತ್ರ ಸ್ವಲ್ಪ ಉಳಿದಿತ್ತು. ಅವರು ಕಣ್ಣಿಗೆ ದುರ್ಬೀನಿನಂಥ ಕನ್ನಡಕ ಹಾಕಿಕೊಂಡು ಹಲ್ಲಿನೊಳಗೆ ಹುಡುಕಿ, ಅರ್ಧ ಗಂಟೆಯ ಮೇಲೆ "ಸಿಕ್ತು" ಎಂದರು. ಈ ಹಲ್ಲಿನಲ್ಲಿ ಮೂರು ನಾಳ ಕಣ್ಣಿಗೆ ಕಾಣುತ್ತವಂತೆ. ನಾಲ್ಕನೆಯದು ಎಷ್ಟೋ ಸಲ ಅಡಗಿ ಕೂತಿರುತ್ತದಂತೆ. ಮೂರನ್ನು ಎಷ್ಟು ಚೆಂದ ತೊಳೆದರೂ ಅದೊಂದನ್ನು ಬಿಟ್ಟರೆ ಎಲ್ಲ ಮೊದಲಿನ ಹಾಗೇ ಆಗುತ್ತದಂತೆ. ಅದನ್ನೂ ಕೆರೆದು, ತೊಳೆದು, ಸುಣ್ಣ ತುಂಬಿ ಕಳಿಸಿದರು.

ವಾರದೊಳಗೆ ಲೋಕ ಸುಧಾರಿಸಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಭಾರ್ಗವಿ ಅನ್ನಕ್ಕೆ ತುಪ್ಪ ಬಡಿಸಿದಳು. ಬಿಸಿ ಅನ್ನದ ಮೇಲೆ ಕರಗಿ ಏರಿದ ವಾಸನೆ ಬಲಗಡೆಯ ಮೂಗಿನಿಂದಲೇ ಒಳಗೆ ಬಂತು. ಕಾಸಿದ ಬೆಣ್ಣೆ, ಅದರ ಹಿಂದೆ ಗರಿಗರಿಯಾದ ವೀಳ್ಯದೆಲೆ. ನನಗೆ ಕಣ್ಣು ಒದ್ದೆಯಾಯಿತು.

"ಇದು ನೆಮ್ಮಾರಿನ ತುಪ್ಪ" ಎಂದೆ.

"ಹೌದು" ಎಂದಳು.

"ಯಾವಾಗ ತಂದೆ ಮಾರಾಯ್ತಿ?"

"ಯಾವಾಗ್ಲೂ ಇದೇ. ನೀವು ಹಾಗೆ ಹೇಳಿದ ಮೇಲೆ ಅವರ ತುಪ್ಪ ಇನ್ಯಾರು ತಗೊಳ್ತಾರೆ? ನಾನೇ ತಿಂಗಳಿಗೊಮ್ಮೆ ಬಸ್ಸಲ್ಲಿ ಹೋಗಿ ತರ್ತೀನಿ. ಒಂಬತ್ತು ತಿಂಗಳಿಂದ ನೀವು ಉಂಡದ್ದು ಅದೇ ತುಪ್ಪ."

ಅವಳು ಸಿಟ್ಟು ಮಾಡಲಿಲ್ಲ, ಸಾರು ತರಲು ಹೋದಳು. ನಾನು ಅನ್ನ ಕಲಸಿಕೊಂಡು ಕೂತೇ ಇದ್ದೆ.

ಮರುದಿನ ನೆಮ್ಮಾರಿಗೆ ಹೊರಟೆ. ಹೋಗುವಾಗ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. ಬೇಸಿಗೆಯ ಸೆಕೆ, ಡಬ್ಬಿಯ ತಗಡು, ಆಟೋದ ಪೆಟ್ರೋಲ್ ವಾಸನೆ, ಹೀಗೆ ನನ್ನನ್ನು ಬಿಟ್ಟು ಉಳಿದದ್ದರ ಮೇಲೆಲ್ಲ ತಪ್ಪು ಹಂಚಿದೆ. ನಾಳಗಳನ್ನು ತೊಳೆದರೂ ನನ್ನಲ್ಲಿ ಉಳಿದದ್ದು ಇನ್ನೂ ಬಹಳವಿತ್ತು.

ಅನ್ನಪೂರ್ಣಮ್ಮ ಕೊಟ್ಟಿಗೆಯ ಹೊರಗೆ ಹುಲ್ಲು ಹಾಕುತ್ತಿದ್ದರು. ನಾಲ್ಕು ಹಸು ಇದ್ದವು. ನನ್ನನ್ನು ನೋಡಿ ಸೆರಗಿಗೆ ಕೈ ಒರೆಸಿಕೊಂಡು, "ಕೂತ್ಕೊಳ್ಳಿ ಭಟ್ರೇ, ಆಸ್ರಿಗೆ ಎಂತ ಕೊಡ್ಲಿ, ಮಜ್ಜಿಗೆಯಾ ಕಾಫಿಯಾ?" ಎಂದರು. ಆ ಮಾತಿಗೆ ನನ್ನ ಸೆಕೆ, ತಗಡು, ಪೆಟ್ರೋಲ್ ಎಲ್ಲ ಹಾರಿಹೋದವು. ಹಲ್ಲು, ಕೀವು, ಬಗ್ಗುವುದು ಎಲ್ಲ ಒಂದೇ ಉಸಿರಿಗೆ ಹೇಳಿದೆ. ತುಪ್ಪ ಚೆನ್ನಾಗಿತ್ತು, ಕೊಳೆತದ್ದು ನನ್ನ ಬಾಯಿ ಎಂದೆ.

ಅವರು ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಅವತ್ತು ನಾನೂ ಮೂಸಿದೆ" ಎಂದರು. "ನನಗೆ ಎಂತ ವಾಸನೆಯೂ ಬರ್ಲಿಲ್ಲ. ಆದ್ರೆ ನಿಮ್ಮ ಮೂಗಿನ ಎದುರು ನನ್ನ ಮೂಗು ಎಂತದ್ದು? ನನಗೇ ವಯಸ್ಸಾಯ್ತು, ವಾಸನೆ ಗೊತ್ತಾಗ್ತಿಲ್ಲ ಅಂದ್ಕೊಂಡೆ. ಆ ಡಬ್ಬಿ ಪೂರಾ ತೋಟದ ಮರದ ಬುಡಕ್ಕೆ ಸುರಿದೆ. ಬೆಣ್ಣೆ ಕಾಯಿಸೋ ಪಾತ್ರೆ ಬದಲಾಯಿಸಿದೆ. ಈಗ ಪ್ರತಿ ಸಲ ಕಾಯಿಸಿದ ಮೇಲೆ ಪಕ್ಕದ ಮನೆಯವರನ್ನ ಕರೆದು ಮೂಸಿಸ್ತೀನಿ. ನಾನು ನೋಡಿದ್ರೆ ನನಗೇ ನಂಬಿಕೆ ಬರೋದಿಲ್ಲ."

ಅವರು ಕೊಟ್ಟಿಗೆಯ ಖಾಲಿ ಗೂಟದ ಕಡೆ ನೋಡಿದರು.

"ಗೌರೀನೂ ಕೊಟ್ಬಿಟ್ಟೆ" ಎಂದರು. "ಕಪ್ಪು ಹಸು. ದೋಷ ಅದರ ಹಾಲಲ್ಲೇ ಇರ್ಬೇಕು ಅಂತ ಕೆರೆಕಟ್ಟೆಯ ಒಂದು ಮನೆಯವರಿಗೆ ಕೊಟ್ಟೆ. ನನ್ನ ಕೈಯಲ್ಲೇ ಹುಟ್ಟಿ ಬೆಳೆದ ಕರು ಅದು ಭಟ್ರೇ."

ಆಗ ಅವರು ಅತ್ತರು. ನನಗೆ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಾನು ಹಾಳು ಮಾಡಿದ್ದು ಅವರ ವ್ಯಾಪಾರವನ್ನು ಎಂದುಕೊಂಡು ಬಂದಿದ್ದೆ. ಅವರು ತಮ್ಮ ಮೂಗನ್ನೇ ನಂಬದ ಹಾಗೆ ಮಾಡಿಟ್ಟಿದ್ದೆ. ತಪ್ಪಾಯ್ತು ಎಂದೆ. ಅಷ್ಟು ಚಿಕ್ಕ ಮಾತು ನಾನು ಜೀವನದಲ್ಲಿ ಆಡಿದ್ದು ಕಡಿಮೆ.

ಅವರು ಕಣ್ಣೊರೆಸಿಕೊಂಡು ಎದ್ದರು. "ಇಲ್ಲಿ ಬಂದು ಹೇಳಿದ್ರಿ, ದೊಡ್ಡದಾಯ್ತು. ಆದ್ರೆ ಇಲ್ಲಿ ಕೇಳ್ಲಿಕ್ಕೆ ನಾಲ್ಕು ದನ ಇದಾವೆ. ಅಲ್ಲಿ ನಲವತ್ತು ಜನ ಇದ್ರು."

ಅಲ್ಲಿಂದ ಹಾಗೇ ಕೆರೆಕಟ್ಟೆಗೆ ಹೋದೆ. ಗೌರಿ ಅಲ್ಲಿ ಕರು ಹಾಕಿ ಹದಿನೈದು ದಿನವಾಗಿತ್ತು. ಆ ಮನೆಯ ಮಕ್ಕಳು ಕರುವಿನ ಕುತ್ತಿಗೆಗೆ ಗೆಜ್ಜೆ ಕಟ್ಟಿದ್ದರು. ಏನು ಹೇಳಿದರೂ ಅವರು ಗೌರಿಯನ್ನು ವಾಪಸ್ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ಹಸು ನನ್ನ ಕೈ ಮೂಸಿ ಮುಖ ತಿರುಗಿಸಿತು. ಈ ಪ್ರಾಂತ್ಯದಲ್ಲಿ ಮೂಗು ಸರಿಯಿದ್ದದ್ದು ಅದಕ್ಕೊಂದೇ ಇರಬೇಕು.

ಡಾಕ್ಟರು ಕೊನೆಯ ಸಲ ನಾಳಗಳನ್ನು ತೊಳೆದು, ಒಣಗಿಸಿ, ಭದ್ರವಾಗಿ ತುಂಬಿ ಮುಚ್ಚಿದರು. ಅದಾಗಿ ಮೂರನೆಯ ದಿನಕ್ಕೆ ನರಸಿಂಹರಾಜಪುರದಲ್ಲಿ ಒಂದು ಗೃಹಪ್ರವೇಶದ ಅಡಿಗೆ ಇತ್ತು. ಕೊಪ್ಪದ ಮುಂಜಿಗೆ ಬಂದ ನೆಂಟರೇ ಅರ್ಧಕ್ಕರ್ಧ ಇಲ್ಲಿಗೂ ಬರುವವರು. ಮನೆಯವರಿಗೆ ಹೇಳಿ ಅನ್ನಪೂರ್ಣಮ್ಮನನ್ನು ಕರೆಸಿದೆ. ಡಬ್ಬಿ ತನ್ನಿ ಎಂದೆ. ಹಿಂದಿನ ದಿನ ನನಗೆ ಅನ್ನ ಸೇರಲಿಲ್ಲ. ಇಷ್ಟು ವರ್ಷ ಮೂಗು ತೋರಿಸಿ ಬದುಕಿದವನು ನಾನು. ನಾಳೆ ಅದು ಹೋದರೆ ನನ್ನನ್ನು ಯಾರು ಕರೆಯುತ್ತಾರೆ? ಈ ಹೆದರಿಕೆ ನಿಜವಾದದ್ದು, ಅದರಲ್ಲಿ ತಮಾಷೆ ಏನೂ ಇರಲಿಲ್ಲ. ಭಾರ್ಗವಿಗೆ ಹೇಳಿದೆ. "ಕೈ ಇದೆಯಲ್ಲ" ಎಂದಳು.

ಚಪ್ಪರದಲ್ಲಿ ಜನ ಸೇರಿದ್ದರು. ಅನ್ನಪೂರ್ಣಮ್ಮ ಡಬ್ಬಿಯನ್ನು ನೆಲದ ಮೇಲಿಟ್ಟರು. ಮುಚ್ಚಳ ತೆಗೆದರು. ಎಲ್ಲರ ಕಣ್ಣೂ ನನ್ನ ಮೂಗಿನ ಕಡೆ ತಿರುಗಿದವು.

ನಾನು ಬಗ್ಗಲಿಲ್ಲ. ಸೌಟು ಕೆಳಗಿಟ್ಟು, ನಿಂತಲ್ಲೇ ಹೇಳಿದೆ.

"ಹೋದ ಮೇ ತಿಂಗಳಲ್ಲಿ ಇವರ ತುಪ್ಪ ಕೆಟ್ಟಿದೆ ಅಂತ ಹೇಳಿದ್ದೆ. ನೀವು ತುಂಬ ಜನ ಅಲ್ಲಿದ್ರಿ. ಅದು ಸುಳ್ಳು. ತುಪ್ಪ ಸರಿಯಿತ್ತು. ನನ್ನ ಹಲ್ಲು ಕೊಳೆತಿತ್ತು, ಕೀವು ಮೂಗಿಗೆ ಇಳೀತಿತ್ತು. ನಾನು ಮೂಸಿದ್ದು ನನ್ನ ಬಾಯೀನೇ. ಒಂದು ವರ್ಷ ನೀವೆಲ್ಲ ಅದನ್ನೇ ಮೂಸಿದೀರಿ, ಪಾಪ, ಯಾರೂ ಹೇಳ್ಲಿಲ್ಲ."

ಕಾಯಿ ತುರಿಯುತ್ತಿದ್ದ ಹೆಂಗಸೊಬ್ಬಳು ಕಿಸಕ್ಕೆಂದಳು. ಅಲ್ಲಿಂದ ನಗು ಹಬ್ಬಿ ಚಪ್ಪರ ಪೂರಾ ಬಿದ್ದು ಬಿದ್ದು ನಕ್ಕಿತು. ಎಷ್ಟು ದಿನದಿಂದ ತಡೆದುಕೊಂಡಿದ್ದ ನಗುವೋ ಅದು! ಪುರೋಹಿತರು ಮಂತ್ರ ನಿಲ್ಲಿಸಿ ಇಣುಕಿ ನೋಡಿದರು. ನನ್ನ ಕಿವಿ ಬಿಸಿಯಾಯಿತು. ಆದರೂ ನಿಂತೆ.

ಅನ್ನಪೂರ್ಣಮ್ಮ ಮಾತ್ರ ನಗಲಿಲ್ಲ.

"ತುಪ್ಪ ಹೇಗಿದೆ ಅಂತ ನೀವೇ ಮೂಸಿ ಹೇಳಿ" ಎಂದು ಅವರಿಗೆ ಹೇಳಿದೆ. "ಪಕ್ಕದ ಮನೆಯವರು ಬೇಡ. ನೀವೇ."

ಅವರು ಡಬ್ಬಿ ನೋಡಿದರು. ನನ್ನನ್ನು ನೋಡಿದರು.

"ಮೊದಲು ಬಾಯಿ ತೆಗೀರಿ ಭಟ್ರೇ" ಎಂದರು.

ನಗು ಒಂದೇ ಸಲ ನಿಂತಿತು. ನಾನು ಮೊಣಕಾಲೂರಿ ಕೂತು, ಅವರ ಎದುರು ಬಾಯಿ ಅಗಲವಾಗಿ ತೆರೆದೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈ ಹಿಂದೆ ಕಟ್ಟಿಕೊಂಡು, ನಾನು ಕೊಪ್ಪರಿಗೆಯ ಮೇಲೆ ಬಗ್ಗುವ ಹಾಗೇ ಬಗ್ಗಿದರು. ಕಣ್ಣು ಮುಚ್ಚಿದರು. ಒಂದು ಸಲ ಮೂಸಿದರು. ಇನ್ನೊಂದು ಸಲ ಮೂಸಿದರು. ಇಷ್ಟು ಜನರೆದುರು ತನ್ನ ತೀರ್ಪಿಗೆ ಕಾಯುವುದು ಎಂದರೆ ಏನು ಎಂದು ನನಗೆ ಆಗ ತಿಳಿಯಿತು. ಅವರು ಡಬ್ಬಿ ಎತ್ತಿಕೊಂಡು ಯಾಕೆ ಹಾಗೆ ಹೋದರೆಂದೂ ತಿಳಿಯಿತು. ಬಾಯಿ ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ.

ಅವರು ನೆಟ್ಟಗಾದರು. ಆಮೇಲೆ ಡಬ್ಬಿಗೆ ಬಗ್ಗಿ ಅದನ್ನೂ ಮೂಸಿದರು. ಈ ಸಲ ಒಂದೇ ಸಲ ಸಾಕಾಯಿತು.

"ಎರಡನ್ನೂ ದೇವರ ಮುಂದೆ ಇಡಬಹುದು" ಎಂದರು, ಎಲ್ಲರಿಗೂ ಕೇಳುವ ಹಾಗೆ.

ಅವತ್ತು ಅನ್ನಪೂರ್ಣಮ್ಮ ಮೊದಲ ಹಂತಿಯಲ್ಲೇ ಕೂತರು. ತುಪ್ಪ ನಾನೇ ಬಡಿಸಿದೆ. ಅವರು ಉಂಡು ಹೋದರು.